ಅರವತ್ತು ಸೆಂಟಿನ ಜಗಳ: ಅಮೆರಿಕದಲ್ಲಿ ಕಲೆಗೆ ಸರ್ಕಾರದ ಹಣ

2025ರ ಮೇ 2ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಆಡಳಿತವು ಮುಂದಿನ ಹಣಕಾಸು ವರ್ಷದ ಬಜೆಟ್ ಪ್ರಸ್ತಾವವನ್ನು ಪ್ರಕಟಿಸಿತು. ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್, ಅಂದರೆ ಎನ್‌ಇಎ ಎಂಬ ಸರ್ಕಾರಿ ಸಂಸ್ಥೆಯನ್ನು ಮುಚ್ಚಬೇಕೆಂಬ ಸಲಹೆ ಅದರಲ್ಲಿತ್ತು. ಅದೇ ದಿನ ಸಂಜೆ ದೇಶದ ನಾನಾ ಊರುಗಳ ನಾಟಕ ತಂಡಗಳಿಗೆ, ಸಣ್ಣ ಸಾಹಿತ್ಯ ಪತ್ರಿಕೆಗಳಿಗೆ, ನೃತ್ಯ ಸಂಸ್ಥೆಗಳಿಗೆ ಒಂದರ ಹಿಂದೊಂದು ಇಮೇಲ್ ಹೋಯಿತು. ತಮಗೆ ಈ ಹಿಂದೆ ಮಂಜೂರಾಗಿದ್ದ ಅನುದಾನವು ಸರ್ಕಾರದ ಹೊಸ ಆದ್ಯತೆಗಳಿಗೆ ಹೊಂದುವುದಿಲ್ಲವಾದ್ದರಿಂದ ಅದನ್ನು ನಿಲ್ಲಿಸಲಾಗಿದೆ ಎಂಬುದು ಅದರ ಸಾರಾಂಶ. ಮರುದಿನದಿಂದ ಪತ್ರಿಕೆಗಳಲ್ಲಿ, ಸೆನೆಟ್ಟಿನಲ್ಲಿ, ರಂಗಮಂದಿರಗಳ ಪಡಸಾಲೆಗಳಲ್ಲಿ ಅದರದೇ ಮಾತು.

ಈ ಗದ್ದಲದ ಹಿಂದಿನ ಹಣವೆಷ್ಟು ಎಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. 2024ರಲ್ಲಿ ಎನ್‌ಇಎಗೆ ದೊರೆತ ವಾರ್ಷಿಕ ಹಣ 20.7 ಕೋಟಿ ಡಾಲರ್. ಆ ವರ್ಷ ಅಮೆರಿಕದ ಒಕ್ಕೂಟ ಸರ್ಕಾರ ಖರ್ಚು ಮಾಡಿದ್ದು ಸುಮಾರು 6.75 ಲಕ್ಷ ಕೋಟಿ ಡಾಲರ್. ಅಂದರೆ ಪ್ರತಿ ಲಕ್ಷ ಡಾಲರಿನಲ್ಲಿ ಕಲೆಗೆಂದು ಈ ಸಂಸ್ಥೆಯ ಮೂಲಕ ಹೋದದ್ದು ಮೂರೇ ಡಾಲರ್. ತಲಾವಾರು ಹಂಚಿದರೆ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು 60 ಸೆಂಟ್ ಬರುತ್ತದೆ, ಒಂದು ಕಪ್ ಕಾಫಿಗೂ ಸಾಲದ ಹಣ. ಅದನ್ನು ಉಳಿಸಿದರೆ ಬೊಕ್ಕಸ ತುಂಬುವುದಿಲ್ಲ, ಕೊಟ್ಟರೆ ಬರಿದಾಗುವುದಿಲ್ಲ. ಹಾಗಿದ್ದೂ ಅಮೆರಿಕದ ರಾಜಕಾರಣ ಕಳೆದ ಮೂವತ್ತೈದು ವರ್ಷಗಳಿಂದ ಮತ್ತೆ ಮತ್ತೆ ಈ ಚಿಲ್ಲರೆಯ ಸುತ್ತ ಜಗಳವಾಡುತ್ತ ಬಂದಿದೆ. ಇದು ಹಣದ ಜಗಳವಲ್ಲ, ಮುದ್ರೆಯ ಜಗಳ. ಯಾವ ಕೃತಿಯ ಮೇಲೆ ಸರ್ಕಾರದ ಮುದ್ರೆ ಬೀಳಬೇಕು, ಅದನ್ನು ಒತ್ತುವ ಕೈ ಯಾರದಾಗಿರಬೇಕು ಎಂಬುದರ ಜಗಳ. ಇದು ಅರ್ಥವಾಗಬೇಕಾದರೆ ಆ ದೇಶದಲ್ಲಿ ಕಲೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದರಿಂದಲೇ ತೊಡಗಬೇಕು.

ಅಮೆರಿಕದಲ್ಲಿ ಸಂಸ್ಕೃತಿ ಮಂತ್ರಿಯಿಲ್ಲ, ಸಂಸ್ಕೃತಿ ಇಲಾಖೆಯೂ ಇಲ್ಲ. ಅಕಾಡೆಮಿಗಳನ್ನೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ನೋಡುತ್ತ ಬೆಳೆದ ನಮಗೆ ಇದು ವಿಚಿತ್ರವೆನಿಸೀತು. ಇರುವುದು ಎನ್‌ಇಎ, ಮಾನವಿಕ ಅಧ್ಯಯನಗಳಿಗೆ ಅದರ ಸೋದರ ಸಂಸ್ಥೆ ಎನ್‌ಇಎಚ್, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳಿಗೆ ಇನ್ನೊಂದು ಕಚೇರಿ, ಹೀಗೆ ಚದುರಿದ ಕೆಲವು ಸಂಸ್ಥೆಗಳು. ಎಂಡೋಮೆಂಟ್ ಎಂದರೆ ದತ್ತಿ. ದತ್ತಿ ಎಂದ ಮೇಲೆ ಬಡ್ಡಿ ತರುವ ಇಡುಗಂಟು ಇರಬೇಕು. ಎನ್‌ಇಎಗೆ ಹೆಸರಿನಲ್ಲಿ ಮಾತ್ರ ದತ್ತಿಯಿದೆ, ಇಡುಗಂಟಿಲ್ಲ. ಅದರ ಹಣವನ್ನು ಪ್ರತಿ ವರ್ಷ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಹೊಸದಾಗಿ ಮಂಜೂರು ಮಾಡಬೇಕು. ಹಾಗಾಗಿ ಪ್ರತಿ ವರ್ಷವೂ ಅದರ ತಲೆಯ ಮೇಲೆ ಕತ್ತಿ ತೂಗುತ್ತಿರುತ್ತದೆ.

ಕಲೆಗೆ ನಿಜವಾದ ಸರ್ಕಾರಿ ನೆರವು ಬರುವುದು ಬೇರೆ ಬಾಗಿಲಿನಿಂದ. 1917ರಲ್ಲಿ, ಮೊದಲ ಮಹಾಯುದ್ಧಕ್ಕೆಂದು ಆದಾಯ ತೆರಿಗೆಯನ್ನು ಏರಿಸಿದಾಗ, ಸಿರಿವಂತರು ದಾನಧರ್ಮ ನಿಲ್ಲಿಸಿಬಿಟ್ಟಾರೆಂಬ ಅಂಜಿಕೆಯಿಂದ ಕಾಂಗ್ರೆಸ್ ದಾನದ ಮೊತ್ತಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. 2025ರಲ್ಲಿ ಶೇ 37ರ ಗರಿಷ್ಠ ತೆರಿಗೆಯ ಹಂತದಲ್ಲಿದ್ದ ಒಬ್ಬ ಧನಿಕ ಒಂದು ವಸ್ತುಸಂಗ್ರಹಾಲಯಕ್ಕೆ 10 ಲಕ್ಷ ಡಾಲರ್ ಕೊಟ್ಟನೆಂದುಕೊಳ್ಳಿ. ಸ್ಥೂಲವಾಗಿ ಹೇಳುವುದಾದರೆ ಅದರಲ್ಲಿ 3.7 ಲಕ್ಷ ಡಾಲರ್ ಅವನು ಹೇಗೂ ಸರ್ಕಾರಕ್ಕೆ ಕಟ್ಟಬೇಕಾಗಿದ್ದ ಹಣ. ಅಂದರೆ ಆ ದಾನದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚನ್ನು ಭರಿಸಿದ್ದು ಬೊಕ್ಕಸ. ಗೋಡೆಯ ಮೇಲಿನ ಫಲಕದಲ್ಲಿ ಹೆಸರು ಮಾತ್ರ ಧನಿಕನದು. ಈ ಹಣ ಬಜೆಟ್ಟಿನಲ್ಲಿ ಖರ್ಚೆಂದು ಕಾಣುವುದಿಲ್ಲವಾದ್ದರಿಂದ ಯಾವ ಸೆನೆಟರನೂ ಎದ್ದು ನಿಂತು ಇದರ ಬಗ್ಗೆ ಗುಡುಗುವುದಿಲ್ಲ. ಯಾವ ಕಲೆ ಉಳಿಯಬೇಕೆಂಬುದನ್ನು ಇಲ್ಲಿ ತೀರ್ಮಾನಿಸುವುದು ದಾನಿಯ ಅಭಿರುಚಿಯೇ ಹೊರತು ಮತದಾರನದಲ್ಲ. ಈ ವ್ಯವಸ್ಥೆಯ ಒಲವು ಯಾರ ಕಡೆಗಿದೆ ಎಂಬುದಕ್ಕೆ ಒಂದು ಸಣ್ಣ ಸಂಗತಿ ಸಾಕು. ಚಿತ್ರವೊಂದನ್ನು ಬಹುಕಾಲದಿಂದ ಇಟ್ಟುಕೊಂಡಿರುವ ಸಂಗ್ರಾಹಕ ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರೆ ಮಾರುಕಟ್ಟೆಯ ಬೆಲೆಯಷ್ಟನ್ನೂ ದಾನವೆಂದು ತೋರಿಸಬಹುದು. ಆದರೆ 1969ರ ತೆರಿಗೆ ಕಾಯ್ದೆಯ ನಂತರ, ತಾನು ಬರೆದ ಚಿತ್ರವನ್ನು ತಾನೇ ಕೊಡುವ ಕಲಾವಿದ ತೋರಿಸಬಹುದಾದದ್ದು ಕ್ಯಾನ್ವಾಸು ಮತ್ತು ಬಣ್ಣದ ಖರ್ಚನ್ನು ಮಾತ್ರ.

ಖಾಸಗಿ ಪ್ರತಿಷ್ಠಾನಗಳೂ ಇದೇ ತೆರಿಗೆ ವಿನಾಯಿತಿಯ ನೆರಳಿನಲ್ಲಿ ಬೆಳೆದವು. 1966ರಲ್ಲಿ ಫೋರ್ಡ್ ಪ್ರತಿಷ್ಠಾನವು ದೇಶದ ಸಿಂಫೊನಿ ವಾದ್ಯವೃಂದಗಳಿಗೆಂದೇ ಸುಮಾರು 8 ಕೋಟಿ ಡಾಲರ್ ಕೊಟ್ಟಿತು. ಅದೇ ವರ್ಷ ಆಗಷ್ಟೇ ಕಣ್ಣುಬಿಟ್ಟಿದ್ದ ಎನ್‌ಇಎಗೆ ಸಿಕ್ಕಿದ್ದು 29 ಲಕ್ಷ ಡಾಲರ್. ಕನ್ನಡಿಗರಿಗೆ ಹತ್ತಿರದ ಉದಾಹರಣೆಯೂ ಒಂದಿದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ನಮ್ಮ ಎ.ಕೆ. ರಾಮಾನುಜನ್ ಅವರಿಗೆ 1983ರಲ್ಲಿ ದೊರೆತ ಮೆಕಾರ್ಥರ್ ಫೆಲೋಷಿಪ್ ಸರ್ಕಾರದ್ದಲ್ಲ, ಅಂಥದೊಂದು ಖಾಸಗಿ ಪ್ರತಿಷ್ಠಾನದ್ದು.

ಸರ್ಕಾರವೇ ನೇರವಾಗಿ ಕಲಾವಿದರಿಗೆ ಸಂಬಳ ಕೊಟ್ಟ ಕಾಲವೂ ಇತ್ತು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1935ರಿಂದ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರವು ನಿರುದ್ಯೋಗಿ ನಟರು, ಚಿತ್ರಕಾರರು, ಲೇಖಕರು ಮತ್ತು ಸಂಗೀತಗಾರರನ್ನು ಪರಿಹಾರ ಕಾಮಗಾರಿಯ ಪಟ್ಟಿಗೆ ಸೇರಿಸಿತು. ಚಿತ್ರಕಾರ ಜಾಕ್ಸನ್ ಪೊಲಾಕ್‌ನಂಥವರು ಹೆಸರು ಮಾಡುವ ಮೊದಲು ಅನ್ನ ಕಂಡದ್ದು ಅಲ್ಲಿಯೇ. ಅದರ ರಂಗಭೂಮಿ ವಿಭಾಗದ ಮೇಲೆ ಕಮ್ಯುನಿಸ್ಟರ ಅಡ್ಡೆಯೆಂಬ ಆರೋಪ ಬಂದು, 1938ರ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥೆ ಹ್ಯಾಲಿ ಫ್ಲಾನಗನ್ ಅವರು ಕಾಂಗ್ರೆಸ್ಸಿನ ತನಿಖಾ ಸಮಿತಿಯ ಮುಂದೆ ನಿಲ್ಲಬೇಕಾಯಿತು. ಅವರು ತಮ್ಮ ಹಳೆಯ ಲೇಖನವೊಂದರಲ್ಲಿ ಮಾರ್ಲೋನ ಹೆಸರೆತ್ತಿದ್ದರು. ಆ ಮಾರ್ಲೋ ಕಮ್ಯುನಿಸ್ಟನೇ ಎಂದು ಅಲಬಾಮದ ಪ್ರತಿನಿಧಿಯೊಬ್ಬರು ಗಂಭೀರವಾಗಿಯೇ ಕೇಳಿದರು. ಆತ ಷೇಕ್ಸ್‌ಪಿಯರನಿಗಿಂತ ತುಸು ಮುಂಚಿನ ಮಹಾನಾಟಕಕಾರನೆಂದು ದಾಖಲಿಸಿಕೊಳ್ಳಿ ಎಂದು ಫ್ಲಾನಗನ್ ಉತ್ತರಿಸಿದರು. ಸಭೆ ನಕ್ಕಿತು. ಆರು ತಿಂಗಳು ಕಳೆದು, 1939ರಲ್ಲಿ, ಕಾಂಗ್ರೆಸ್ ಆ ವಿಭಾಗಕ್ಕೆ ಹಣ ನಿಲ್ಲಿಸಿ ಅದನ್ನು ಮುಚ್ಚಿಸಿತು.

ಮುಂದಿನ ಕಾಲು ಶತಮಾನ ಸರ್ಕಾರ ಕಲೆಯನ್ನು ಪೋಷಿಸಿದ್ದು ಹೆಚ್ಚಾಗಿ ಪರದೇಶಗಳಿಗಾಗಿ. ಸೋವಿಯತ್ ಒಕ್ಕೂಟದೊಂದಿಗಿನ ಶೀತಲ ಸಮರದಲ್ಲಿ ಜಾಝ್ ಕೂಡ ಒಂದು ಆಯುಧವಾಯಿತು. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ತಂಡ ಭಾರತಕ್ಕೆ ಬಂದದ್ದು ಅಮೆರಿಕದ ವಿದೇಶಾಂಗ ಇಲಾಖೆಯ ಖರ್ಚಿನಲ್ಲಿ. ದೇಶದೊಳಗೆ ಬಾಗಿಲು ತೆರೆದದ್ದು 1965ರ ಸೆಪ್ಟೆಂಬರ್ 29ರಂದು, ಲಿಂಡನ್ ಜಾನ್ಸನ್ ಕಲೆ ಮತ್ತು ಮಾನವಿಕಗಳ ಕಾಯ್ದೆಗೆ ಸಹಿ ಹಾಕಿದಾಗ. ಯಾವ ಸರ್ಕಾರವೂ ದೊಡ್ಡ ಕಲಾವಿದನನ್ನು ಹುಟ್ಟಿಸಲಾರದು, ಆದರೆ ಸ್ವತಂತ್ರ ಚಿಂತನೆಗೂ ಕಲ್ಪನೆಗೂ ಬೇಕಾದ ವಾತಾವರಣವನ್ನು ಕಾಪಾಡುವುದು ಅದರ ಕೆಲಸವೇ ಎಂದು ಆ ಕಾಯ್ದೆ ಹೇಳುತ್ತದೆ. ಕಾನೂನಿನ ಭಾಷೆಯಲ್ಲಿ ಇಷ್ಟು ವಿನಯ ಅಪರೂಪ. ವಿಶೇಷವೆಂದರೆ ಈ ಸಂಸ್ಥೆ ನಿಜವಾಗಿ ಬೆಳೆದದ್ದು ಡೆಮಾಕ್ರಟರ ಕಾಲದಲ್ಲಲ್ಲ, ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ 1969ರಲ್ಲಿ ನೇಮಿಸಿದ ನ್ಯಾನ್ಸಿ ಹ್ಯಾಂಕ್ಸ್ ಅವರ ಕೈಯಲ್ಲಿ.

ಅನುದಾನದ ತೀರ್ಮಾನ ಮೂರು ಹಂತಗಳಲ್ಲಿ ಆಗುತ್ತದೆ. ಮೊದಲು ಆಯಾ ಕ್ಷೇತ್ರದ ಬಲ್ಲವರ ತಂಡವೊಂದು ಅರ್ಜಿಗಳನ್ನು ಓದಿ ಶಿಫಾರಸು ಮಾಡುತ್ತದೆ. ಅದು ರಾಷ್ಟ್ರೀಯ ಕಲಾ ಮಂಡಳಿಯ ಮುಂದೆ ಬರುತ್ತದೆ. ಕೊನೆಗೆ ಅಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪಿದ ಮುಖ್ಯಸ್ಥರು ಸಹಿ ಮಾಡುತ್ತಾರೆ. ಅನುದಾನದ ಹಣದಲ್ಲಿ ಶೇ 40ರಷ್ಟು ರಾಜ್ಯಗಳ ಮತ್ತು ಪ್ರಾದೇಶಿಕ ಕಲಾ ಸಂಸ್ಥೆಗಳಿಗೆ ಹೋಗಲೇಬೇಕೆಂಬ ನಿಯಮವಿದೆ. ಅನುದಾನ ಪಡೆದ ಸಂಸ್ಥೆ ಸಾಮಾನ್ಯವಾಗಿ ಅಷ್ಟೇ ಮೊತ್ತವನ್ನು ಬೇರೆ ಮೂಲದಿಂದ ಹೊಂದಿಸಬೇಕು. ಮುದ್ರೆಯ ಬೆಲೆ ಇರುವುದು ಇಲ್ಲಿಯೇ. ಮೊಂಟಾನದ ಸಣ್ಣ ಊರಿನ ನಾಟಕ ತಂಡವೊಂದು ಸ್ಥಳೀಯ ವ್ಯಾಪಾರಿಯ ಬಳಿ ಚಂದಾ ಕೇಳಲು ಹೋದಾಗ, ಎನ್‌ಇಎ ನಮಗೆ ಹತ್ತು ಸಾವಿರ ಡಾಲರ್ ಕೊಟ್ಟಿದೆ ಎಂಬ ಮಾತು ಆ ಹತ್ತು ಸಾವಿರಕ್ಕಿಂತ ಹೆಚ್ಚು ತೂಗುತ್ತದೆ. ಆದರೆ ಮುದ್ರೆ ಮೆಚ್ಚುಗೆಯ ಗುರುತು ಎನ್ನುವುದಾದರೆ, ಅದನ್ನು ಒತ್ತಿದ್ದಕ್ಕೆ ಉತ್ತರ ಕೊಡಬೇಕಾದವರೂ ಇರಬೇಕಲ್ಲ? 1989ರಲ್ಲಿ ಎದ್ದ ಪ್ರಶ್ನೆ ಇದೇ.

ಆ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೆನೆಟರ್ ಅಲ್ಫೋನ್ಸ್ ಡಮಾಟೊ ಕಲಾಪ್ರದರ್ಶನವೊಂದರ ಕೈಪಿಡಿಯನ್ನು ಸೆನೆಟ್ ಸಭೆಯಲ್ಲಿಯೇ ಹರಿದೆಸೆದರು. ಕಾರಣ, ಆಂಡ್ರೆಸ್ ಸೆರಾನೊ ಎಂಬ ಕಲಾವಿದ ಶಿಲುಬೆಗೇರಿದ ಕ್ರಿಸ್ತನ ಪುಟ್ಟ ವಿಗ್ರಹವನ್ನು ತನ್ನದೇ ಮೂತ್ರದಲ್ಲಿ ಮುಳುಗಿಸಿ ತೆಗೆದ ಛಾಯಾಚಿತ್ರ. ಸೆರಾನೊಗೆ 15,000 ಡಾಲರ್ ಕೊಟ್ಟಿದ್ದು ಉತ್ತರ ಕೆರೊಲಿನಾದ ಒಂದು ಕಲಾಕೇಂದ್ರ. ಆ ಕೇಂದ್ರದ ಯೋಜನೆಗೆ ಎನ್‌ಇಎ ನೆರವಿತ್ತು. ಹಣ ಎರಡು ಕೈ ದಾಟಿ ಹೋಗಿತ್ತು, ಆದರೂ ಮುದ್ರೆ ಕಾಣುತ್ತಿತ್ತು. ಅದರ ಬೆನ್ನಿಗೇ ರಾಬರ್ಟ್ ಮೇಪಲ್‌ಥಾರ್ಪ್ ಪ್ರಕರಣ ಬಂತು. ಆ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡಿದ್ದ ಈ ಛಾಯಾಗ್ರಾಹಕನ ಪ್ರದರ್ಶನಕ್ಕೆ ಎನ್‌ಇಎ 30,000 ಡಾಲರ್ ಕೊಟ್ಟಿತ್ತು. ಹೂವುಗಳ, ಗಣ್ಯರ ಚಿತ್ರಗಳ ನಡುವೆ ಸಲಿಂಗಕಾಮದ ಉಗ್ರ ಲೈಂಗಿಕ ದೃಶ್ಯಗಳ ಕೆಲವು ಚಿತ್ರಗಳಿದ್ದವು. ವಾಷಿಂಗ್ಟನ್ನಿನ ಕಾರ್ಕರನ್ ಗ್ಯಾಲರಿ ಜೂನ್‌ನಲ್ಲಿ ಹೆದರಿ ಪ್ರದರ್ಶನವನ್ನು ಕೈಬಿಟ್ಟಿತು. ಮರುವರ್ಷ ಸಿನ್ಸಿನಾಟಿಯಲ್ಲಿ ಅದೇ ಪ್ರದರ್ಶನಕ್ಕಾಗಿ ಕಲಾಕೇಂದ್ರದ ನಿರ್ದೇಶಕ ಡೆನಿಸ್ ಬ್ಯಾರಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದು, ಏಳು ಚಿತ್ರಗಳ ವಿಚಾರಣೆಯಾಗಿ, 1990ರ ಅಕ್ಟೋಬರಿನಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು.

ಉತ್ತರ ಕೆರೊಲಿನಾದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರ ಒತ್ತಾಯದಿಂದ, ಅಶ್ಲೀಲವೆನಿಸುವ ಕೃತಿಗೆ ಅನುದಾನದ ಹಣ ಬಳಸಬಾರದೆಂಬ ಷರತ್ತು 1989ರ ಹಣಕಾಸು ಕಾಯ್ದೆಯಲ್ಲಿ ಸೇರಿತು. ಎನ್‌ಇಎ ಒಂದು ಹೆಜ್ಜೆ ಮುಂದೆ ಹೋಗಿ, ಅನುದಾನ ಪಡೆಯುವವರು ಆ ಷರತ್ತಿಗೆ ಬದ್ಧರಾಗಿರುವುದಾಗಿ ಮುಚ್ಚಳಿಕೆ ಬರೆದುಕೊಡಬೇಕೆಂದಿತು. ನ್ಯೂಯಾರ್ಕಿನ ರಂಗನಿರ್ಮಾಪಕ ಜೋಸೆಫ್ ಪ್ಯಾಪ್ ಹಣವೇ ಬೇಡವೆಂದರು. ಕ್ಯಾಲಿಫೋರ್ನಿಯಾದ ನೃತ್ಯ ಸಂಯೋಜಕಿ ಬೆಲ್ಲಾ ಲೆವಿಟ್ಸ್ಕಿ ಮುಚ್ಚಳಿಕೆಯ ಸಾಲನ್ನು ಹೊಡೆದುಹಾಕಿ ಅರ್ಜಿ ಕಳಿಸಿದರು, ಹಣ ಬರಲಿಲ್ಲ, ಕೋರ್ಟಿಗೆ ಹೋದರು. 1951ರಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಮಿತಿಯಿಂದ ಸಮನ್ಸ್ ಪಡೆದಿದ್ದ ಈ ಹೆಂಗಸಿಗೆ ಸರ್ಕಾರ ತನ್ನ ನಿಷ್ಠೆಯ ರುಜುವಾತು ಕೇಳುವುದು ಹೊಸ ಅನುಭವವೇನೂ ಆಗಿರಲಿಲ್ಲ. 1991ರ ಜನವರಿಯಲ್ಲಿ ಒಕ್ಕೂಟ ನ್ಯಾಯಾಲಯವು ಆ ಮುಚ್ಚಳಿಕೆ ಸಂವಿಧಾನಬಾಹಿರವೆಂದಿತು.

ಈ ನಡುವೆ ಕಾಂಗ್ರೆಸ್ ಜಾಣತನದ ಇನ್ನೊಂದು ದಾರಿ ಹಿಡಿದಿತ್ತು. ಕಲಾತ್ಮಕ ಶ್ರೇಷ್ಠತೆಯನ್ನು ಅಳೆಯುವಾಗ ಸಭ್ಯತೆಯ ಸಾಮಾನ್ಯ ಮಾನದಂಡಗಳನ್ನೂ ಅಮೆರಿಕನ್ ಜನರ ವೈವಿಧ್ಯಮಯ ನಂಬಿಕೆ ಮತ್ತು ಮೌಲ್ಯಗಳ ಬಗೆಗಿನ ಗೌರವವನ್ನೂ ಗಮನದಲ್ಲಿಡಬೇಕೆಂಬ ಸಾಲೊಂದನ್ನು 1990ರಲ್ಲಿ ಕಾಯ್ದೆಗೆ ಸೇರಿಸಿತು. ಅದೇ ವರ್ಷ ಎನ್‌ಇಎ ಮುಖ್ಯಸ್ಥ ಜಾನ್ ಫ್ರೋನ್‌ಮೇಯರ್, ಪರಿಣತರ ತಂಡ ಶಿಫಾರಸು ಮಾಡಿದ್ದ ಕ್ಯಾರೆನ್ ಫಿನ್ಲೆ, ಟಿಮ್ ಮಿಲ್ಲರ್, ಜಾನ್ ಫ್ಲೆಕ್ ಮತ್ತು ಹಾಲಿ ಹ್ಯೂಸ್ ಎಂಬ ನಾಲ್ವರು ಏಕವ್ಯಕ್ತಿ ರಂಗಕಲಾವಿದರ ಅನುದಾನವನ್ನು ತಡೆದಿದ್ದರು. ನಾಲ್ವರೂ ದಾವೆ ಹೂಡಿದರು. ಫ್ರೋನ್‌ಮೇಯರ್ ಇಷ್ಟು ಮಾಡಿಯೂ ಉಳಿಯಲಿಲ್ಲ. 1992ರ ಚುನಾವಣೆಯಲ್ಲಿ ಬಲಪಂಥದ ಟೀಕೆಗೆ ಹೆದರಿದ ಹಿರಿಯ ಬುಷ್ ಅವರನ್ನು ಕಳಿಸಿಕೊಟ್ಟರು. ಕಲಾವಿದರ ಹಣ 1993ರ ರಾಜಿಯಲ್ಲಿ ಮರಳಿ ಬಂತು. ಆದರೆ ಸಭ್ಯತೆಯ ಆ ಸಾಲು ಸಂವಿಧಾನಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1998ರ ಜೂನ್ 25ರಂದು ತೀರ್ಮಾನವಾಯಿತು.

ಇಡೀ ವಿವಾದದ ಗಂಟು ಈ ತೀರ್ಪಿನಲ್ಲಿದೆ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ಪ್ರಕಾರ ಸರ್ಕಾರ ಯಾರ ಅಭಿವ್ಯಕ್ತಿಯನ್ನೂ ಅದರ ಅಭಿಪ್ರಾಯಕ್ಕಾಗಿ ಹತ್ತಿಕ್ಕುವಂತಿಲ್ಲ. ಆದರೆ ಹತ್ತಿಕ್ಕಬಾರದು ಎಂದರೆ ಹಣ ಕೊಡಬೇಕು ಎಂದಾಗುವುದಿಲ್ಲ. ಸರ್ಕಾರ ತನ್ನದೇ ಮಾತನ್ನು ಆಡುವಾಗ, ಉದಾಹರಣೆಗೆ ಸಿಗರೇಟು ಸೇದಬೇಡಿ ಎಂದು ಜಾಹೀರಾತು ಕೊಡುವಾಗ, ಸಿಗರೇಟಿನ ಪರವಾಗಿಯೂ ಒಂದು ಜಾಹೀರಾತು ಕೊಡಬೇಕಾಗಿಲ್ಲ. ಹಾಗಾದರೆ ಕಲಾವಿದನಿಗೆ ಅನುದಾನ ಕೊಡುವ ಸರ್ಕಾರವು ಅವನ ಬಾಯಿಂದ ತಾನು ಮಾತಾಡುತ್ತಿದೆಯೇ, ಇಲ್ಲವೇ ಅವನು ತನ್ನ ಮಾತನ್ನು ತಾನಾಡಲೆಂದು ಆಸರೆ ಕೊಡುತ್ತಿದೆಯೇ? ಒಂಬತ್ತು ನ್ಯಾಯಮೂರ್ತಿಗಳು ಇದಕ್ಕೆ ಮೂರು ಉತ್ತರ ಕೊಟ್ಟರು. ಬಹುಮತದ ತೀರ್ಪು ಬರೆದ ಸಾಂಡ್ರಾ ಡೇ ಓಕಾನರ್, ಆ ಸಾಲು ಗಮನದಲ್ಲಿಡಿ ಎನ್ನುತ್ತದೆಯೇ ಹೊರತು ಯಾವ ಅಭಿಪ್ರಾಯವನ್ನೂ ನಿಷೇಧಿಸುವುದಿಲ್ಲವಾದ್ದರಿಂದ ಅದು ಊರ್ಜಿತವೆಂದರು. ಮುಂದೊಂದು ದಿನ ಅನುದಾನವನ್ನೇ ಬೇಡದ ಅಭಿಪ್ರಾಯಗಳನ್ನು ದಂಡಿಸುವ ಕೋಲಾಗಿ ಬಳಸಿದರೆ ಅದು ಬೇರೆಯೇ ಪ್ರಕರಣವಾದೀತೆಂದೂ ಸೇರಿಸಿದರು. ಕ್ಲಾರೆನ್ಸ್ ಥಾಮಸ್ ಅವರೊಡನೆ ಪ್ರತ್ಯೇಕ ಸಮ್ಮತಿ ಬರೆದ ಆಂಟೊನಿನ್ ಸ್ಕಾಲಿಯಾ, ಈ ಸಾಲು ಅಭಿಪ್ರಾಯಗಳ ನಡುವೆ ಭೇದ ಮಾಡುತ್ತದೆ, ಮಾಡಲಿ, ಸರ್ಕಾರ ತನ್ನ ಹಣವನ್ನು ತನಗೆ ಬೇಕಾದ ಕಲೆಗೆ ಕೊಡಬಹುದು ಎಂದರು. ಏಕೈಕ ಭಿನ್ನಮತದ ಡೇವಿಡ್ ಸೂಟರ್, ಭೇದವಿದೆ ಎಂಬಲ್ಲಿ ಸ್ಕಾಲಿಯಾ ಅವರನ್ನು ಒಪ್ಪಿ, ಅದೇ ಕಾರಣಕ್ಕೆ ಅದು ಅಸಿಂಧುವೆಂದರು. ಪೋಷಕನ ಪಾತ್ರ ವಹಿಸಿದ ಸರ್ಕಾರ ಭಾಷಣಕಾರನೂ ಅಲ್ಲ, ಕೊಳ್ಳುವವನೂ ಅಲ್ಲ ಎಂಬುದು ಅವರ ವಾದ. ಓಕಾನರ್ ಅವರ ತೀರ್ಪು ಕಾನೂನಾಯಿತು, ಆದರೆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಉಳಿದಿಬ್ಬರ ಬರಹಗಳೇ ಎಂದು ನನಗನ್ನಿಸುತ್ತದೆ.

ಕೋರ್ಟು ತೀರ್ಪು ಕೊಡುವಷ್ಟರಲ್ಲಿ ರಾಜಕೀಯ ತನ್ನ ತೀರ್ಪು ಕೊಟ್ಟಾಗಿತ್ತು. 1994ರ ಚುನಾವಣೆಯಲ್ಲಿ ನ್ಯೂಟ್ ಗಿಂಗ್ರಿಚ್ ನಾಯಕತ್ವದ ರಿಪಬ್ಲಿಕನ್ನರು ಕಾಂಗ್ರೆಸ್ಸನ್ನು ಗೆದ್ದ ಮೇಲೆ ಎನ್‌ಇಎ ಬಜೆಟ್ 16.2 ಕೋಟಿಯಿಂದ ಒಂದೇ ಏಟಿಗೆ 9.95 ಕೋಟಿ ಡಾಲರಿಗೆ ಇಳಿಯಿತು. ಅದಕ್ಕಿಂತ ಆಳವಾದ ಬದಲಾವಣೆಯೆಂದರೆ ವ್ಯಕ್ತಿಗಳಿಗೆ ಕೊಡುತ್ತಿದ್ದ ಅನುದಾನವನ್ನು ನಿಲ್ಲಿಸಿದ್ದು. ಲೇಖಕರು, ಜಾಝ್ ಸಂಗೀತಗಾರರು ಮತ್ತು ಜನಪದ ಹಾಗೂ ಪರಂಪರೆಯ ಕಲಾವಿದರು ಮಾತ್ರ ಹೊರತಾದರು. 1999ರಲ್ಲಿ ತಬಲಾ ವಾದಕ ಜಾಕಿರ್ ಹುಸೇನ್ ಅವರಿಗೆ ಸಂದ ರಾಷ್ಟ್ರೀಯ ಪರಂಪರಾ ಫೆಲೋಷಿಪ್ ಈ ಕೊನೆಯ ಬಗೆಯದು. ಒಬ್ಬ ಚಿತ್ರಕಾರನಿಗೆ, ಒಬ್ಬ ನಟಿಗೆ ನೇರವಾಗಿ ಹಣ ಕೊಟ್ಟು, ಏನಾದರೂ ಮಾಡು ಎನ್ನುವ ಧೈರ್ಯ ಅಂದಿಗೆ ಮುಗಿಯಿತು. ಹಣ ಸಂಸ್ಥೆಗಳಿಗೆ, ಶಾಲಾ ಕಾರ್ಯಕ್ರಮಗಳಿಗೆ, ಸಣ್ಣ ಊರುಗಳಿಗೆ ಹರಿಯತೊಡಗಿತು. ಇದು ಸಂಸ್ಥೆಯನ್ನು ಸಪ್ಪೆಯಾಗಿಸಿತೆಂದು ದೂರುವವರಿದ್ದಾರೆ, ಉಳಿಸಿದ್ದೂ ಇದೇ. ಟ್ರಂಪ್ ಮೊದಲ ಅವಧಿಯಲ್ಲಿ ಪ್ರತಿ ವರ್ಷ ಎನ್‌ಇಎ ಮುಚ್ಚಲು ಪ್ರಸ್ತಾಪಿಸಿದರೂ ಕಾಂಗ್ರೆಸ್ ಪ್ರತಿ ವರ್ಷ ಹಣ ಕೊಟ್ಟಿತು, ಏಕೆಂದರೆ ರಿಪಬ್ಲಿಕನ್ ಸದಸ್ಯರ ಕ್ಷೇತ್ರಗಳ ಉತ್ಸವಗಳಿಗೂ ಬ್ಯಾಂಡುಗಳಿಗೂ ಆ ಹಣ ತಲುಪುತ್ತಿತ್ತು.

ಎರಡನೆಯ ಅವಧಿಯಲ್ಲಿ ದಾರಿ ಬದಲಾಯಿತು. ಕಾಂಗ್ರೆಸ್ಸಿನ ಒಪ್ಪಿಗೆಗೆ ಕಾಯದೆ ಆಡಳಿತವೇ ಮಂಜೂರಾದ ಅನುದಾನಗಳನ್ನು ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಎನ್‌ಇಎಚ್ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ರದ್ದು ಮಾಡಿತು. ರಾಜ್ಯಗಳ ಮಾನವಿಕ ಮಂಡಳಿಗಳ ತುರ್ತಿಗೆ ಮೆಲನ್ ಪ್ರತಿಷ್ಠಾನ 1.5 ಕೋಟಿ ಡಾಲರ್ ಕೊಡಬೇಕಾಯಿತು. ಸಾರ್ವಜನಿಕ ರೇಡಿಯೊ ಮತ್ತು ಟಿವಿಗೆ ಹಣ ಹಂಚುತ್ತಿದ್ದ, 1967ರಲ್ಲಿ ಹುಟ್ಟಿದ ನಿಗಮಕ್ಕೆ ಮೀಸಲಾಗಿದ್ದ 110 ಕೋಟಿ ಡಾಲರನ್ನು ಜುಲೈನಲ್ಲಿ ಕಾಂಗ್ರೆಸ್ಸೇ ಹಿಂಪಡೆಯಿತು. ಇನ್ನು ಎನ್‌ಇಎಯಲ್ಲಿ ಹಳೆಯ ಮುಚ್ಚಳಿಕೆ ಹೊಸ ಮಾತುಗಳಲ್ಲಿ ಮರಳಿತು. ಒಕ್ಕೂಟದ ಹಣವನ್ನು, ಹುಟ್ಟಿನ ಲಿಂಗಕ್ಕಿಂತ ಬೇರೆಯಾದ ಲಿಂಗತ್ವ ಇರಬಹುದೆಂಬ ನಿಲುವಿನ, ಆಡಳಿತದ ಮಾತಿನಲ್ಲಿ 'ಲಿಂಗತ್ವ ಸಿದ್ಧಾಂತ'ದ, ಪ್ರಚಾರಕ್ಕೆ ಬಳಸುವುದಿಲ್ಲವೆಂದು ಅರ್ಜಿದಾರರು ದೃಢೀಕರಿಸಬೇಕೆಂದು ಫೆಬ್ರವರಿಯಲ್ಲಿ ನಿಯಮ ಬಂತು. ರೋಡ್ ಐಲೆಂಡ್ ಲ್ಯಾಟಿನೊ ಆರ್ಟ್ಸ್ ಎಂಬ ಸಣ್ಣ ಸಂಸ್ಥೆ ಮತ್ತು ಕೆಲವು ರಂಗಸಂಸ್ಥೆಗಳು ಮಾರ್ಚ್‌ನಲ್ಲಿ ದಾವೆ ಹೂಡಿದವು. ಎನ್‌ಇಎ ದೃಢೀಕರಣವನ್ನು ಕೈಬಿಟ್ಟು, ಪ್ರತಿ ಅರ್ಜಿಯನ್ನೂ ಆ ದೃಷ್ಟಿಯಿಂದ ಮುಖ್ಯಸ್ಥರು ಪರಿಶೀಲಿಸುವರು ಎಂದಿತು. ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ವಿಲಿಯಂ ಸ್ಮಿತ್ ಆ ಪರಿಶೀಲನೆಯೂ ಅಭಿಪ್ರಾಯದ ಆಧಾರದ ಭೇದವೆಂದು, ಮೊದಲ ತಿದ್ದುಪಡಿಗೆ ವಿರುದ್ಧವೆಂದು ತೀರ್ಪಿತ್ತರು. ಓಕಾನರ್ ಮುಂದಿನ ದಿನಕ್ಕೆಂದು ಬಿಟ್ಟಿದ್ದ ಬೇರೆ ಪ್ರಕರಣ ಇಪ್ಪತ್ತೇಳು ವರ್ಷಗಳ ನಂತರ ಬಂದಂತಾಯಿತು.

ಅನುದಾನದ ಮಾತು ಹೀಗಾದರೆ, ಸರ್ಕಾರವೇ ಮನೆಯ ಯಜಮಾನನಾಗಿರುವ ಕಡೆ ಕಾನೂನಿನ ಈ ರಕ್ಷಣೆ ತೆಳುವಾಗುತ್ತದೆ. ವಾಷಿಂಗ್ಟನ್ನಿನ ಕೆನಡಿ ಸೆಂಟರ್ ಎಂಬ ರಾಷ್ಟ್ರೀಯ ರಂಗಮಂದಿರದ ಆಡಳಿತ ಮಂಡಳಿಗೆ ಬಹುಪಾಲು ಸದಸ್ಯರನ್ನು ನೇಮಿಸುವವರು ಅಧ್ಯಕ್ಷರು. 2025ರ ಫೆಬ್ರವರಿಯಲ್ಲಿ ಟ್ರಂಪ್ ಹಳೆಯ ಸದಸ್ಯರನೇಕರನ್ನು ತೆಗೆದು, ತಾವೇ ಮಂಡಳಿಯ ಮುಖ್ಯಸ್ಥರಾದರು. ಮುಂದಿನ ತಿಂಗಳು 'ಹ್ಯಾಮಿಲ್ಟನ್' ಸಂಗೀತ ನಾಟಕದ ನಿರ್ಮಾಪಕರು 2026ರ ತಮ್ಮ ಪ್ರದರ್ಶನಗಳನ್ನು ಹಿಂತೆಗೆದುಕೊಂಡರು. 1846ರಲ್ಲಿ ಸ್ಥಾಪನೆಯಾದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳ ಸಮೂಹಕ್ಕೆ ಬೇರೆಯದೇ ಮಂಡಳಿಯಿದೆ, ಆದರೆ ಅದರ ಹಣದಲ್ಲಿ ಶೇ 60ಕ್ಕೂ ಹೆಚ್ಚು ಒಕ್ಕೂಟ ಸರ್ಕಾರದ್ದು. ಅಲ್ಲಿನ ಪ್ರದರ್ಶನಗಳಲ್ಲಿ ದೇಶವನ್ನು ಹೀಗಳೆಯುವ ಧೋರಣೆಯಿದೆಯೆಂದೂ ಅದು ಹೋಗಬೇಕೆಂದೂ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶ ಹೊರಟಿತು. ಮೇ ಕೊನೆಯಲ್ಲಿ, ಅದಕ್ಕೆ ಸೇರಿದ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯ ನಿರ್ದೇಶಕಿ ಕಿಮ್ ಸಾಜೆಟ್ ಅವರನ್ನು ವಜಾ ಮಾಡಿರುವುದಾಗಿ ಟ್ರಂಪ್ ಘೋಷಿಸಿದರು. ಸಿಬ್ಬಂದಿಯ ತೀರ್ಮಾನ ತನ್ನ ಕಾರ್ಯದರ್ಶಿಯದೆಂದು ಸ್ಮಿತ್‌ಸೋನಿಯನ್ ಹೇಳಿತು. ಕೆಲವೇ ದಿನಗಳಲ್ಲಿ ಸಾಜೆಟ್ ತಾವಾಗಿಯೇ ಹುದ್ದೆ ಬಿಟ್ಟರು.

ಅದೇ ಗ್ಯಾಲರಿಯಲ್ಲಿ ಸೆಪ್ಟೆಂಬರಿನಲ್ಲಿ ಏಮಿ ಶೆರಾಲ್ಡ್ ಅವರ ಚಿತ್ರಪ್ರದರ್ಶನ ನಡೆಯಬೇಕಿತ್ತು. ಮಿಶೆಲ್ ಒಬಾಮಾ ಅವರ ಅಧಿಕೃತ ಭಾವಚಿತ್ರ ಬರೆದು ಹೆಸರಾದ ಕಲಾವಿದೆ ಅವರು. ಲಿಂಗ ಪರಿವರ್ತಿತ ಮಹಿಳೆಯೊಬ್ಬರನ್ನು ಸ್ವಾತಂತ್ರ್ಯದೇವಿಯ ಭಂಗಿಯಲ್ಲಿ ತೋರಿಸಿದ ತಮ್ಮ ಚಿತ್ರವೊಂದನ್ನು ಕೈಬಿಡುವ ಮಾತು ಒಳಗೊಳಗೇ ನಡೆದಿದೆಯೆಂದು ತಿಳಿದು, ಜುಲೈನಲ್ಲಿ ಅವರು ಇಡೀ ಪ್ರದರ್ಶನವನ್ನೇ ಹಿಂತೆಗೆದುಕೊಂಡರು. ಚಿತ್ರದ ಬದಲಿಗಲ್ಲ, ಅದರ ಜೊತೆಗೆ ಸಂದರ್ಭ ವಿವರಿಸುವ ವಿಡಿಯೊ ಇಡಲು ಬಯಸಿದ್ದೆವು ಎಂಬುದು ಸ್ಮಿತ್‌ಸೋನಿಯನ್ ಕೊಟ್ಟ ವಿವರಣೆ. ನವೆಂಬರಿನಲ್ಲಿ ಆ ಪ್ರದರ್ಶನ ವಾಷಿಂಗ್ಟನ್ನಿನಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಬಾಲ್ಟಿಮೋರ್ ಕಲಾ ವಸ್ತುಸಂಗ್ರಹಾಲಯದಲ್ಲಿ ತೆರೆಯಿತು, ಆ ಚಿತ್ರವೂ ಸೇರಿ.